ಹಾಡು ಮುಗಿದ ಮೇಲೆ

“ಅಯ್ಯನವರೇ, ಆರಾಧನೆಯಲ್ಲಿ ಹಾಡುವಾಗ ನಾನು ಪವಿತ್ರನಾದೆ ಅನ್ನಿಸುತ್ತದೆ. ಹಾಡು ಮುಗಿದು ದೇವಾಲಯದ ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಇರುವುದಿಲ್ಲ. ಅದನ್ನು ಉಳಿಸಿಕೊಳ್ಳುವುದು ಹೇಗೆ?” ಎಂದು ಗಾಯಕರ ತಂಡದ ಸತ್ಯಮಿತ್ರ ಕೇಳಿದ.

ಸಭಾಪಾಲಕರಾದ ಸುಜ್ಞಾನ ಅಯ್ಯನವರು ಹೇಳಿದರು:

ಒಬ್ಬ ನೇಕಾರನಿದ್ದ. ಒಳ್ಳೆಯ ಕಂಠ. ‘ನನ್ನನ್ನು ಪರಿಶುದ್ಧ ಮಾಡು, ಕರ್ತನೇ’ ಎಂದು ಅವನು ಎತ್ತಿಕೊಂಡರೆ ಸಭೆಯೆಲ್ಲ ಕಣ್ಣೊರೆಸಿಕೊಳ್ಳುತ್ತಿತ್ತು. ಅವನ ಮೈಯೂ ಝುಮ್ಮೆನ್ನುತ್ತಿತ್ತು. ಆದರೆ ಮನೆ ಮುಟ್ಟುವ ಮೊದಲೇ ಎದೆ ಬರಿದಾಗುತ್ತಿತ್ತು. ಇನ್ನಷ್ಟು ಹಾಡಿದರೆ ಆ ಭಾವ ಉಳಿದೀತು ಎಂದುಕೊಂಡ. ಉಪವಾಸ ಕೂಟಗಳಿಗೆ ಹೋದ, ಪರವೂರಿನ ಸಭೆಗಳಿಗೆ ಹೋದ. ಉಳಿಯಲಿಲ್ಲ. ಮಗ್ಗದ ಮುಂದೆ ಕೂತರೆ ಕೈ ಓಡದು, ಊಟಕ್ಕೆ ಕೂತರೆ ತುತ್ತು ಇಳಿಯದು.

ಮನೆಯಲ್ಲಿ ಮುದಿ ತಾಯಿಗೆ ಮರೆವು ಹಿಡಿದಿತ್ತು. ಸಂಜೆಯಾದರೆ ಹೆದರಿ ಕೂಗುತ್ತಿದ್ದಳು. ಆ ಕೂಗಿಗೆ ತನ್ನ ಧ್ಯಾನ ಕೆಡುತ್ತದೆಂದು ನೇಕಾರ ಅವಳನ್ನು ಹೆಂಡತಿಗೆ ಒಪ್ಪಿಸಿ ಹೊರಬೀಳುತ್ತಿದ್ದ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಹೆಂಡತಿ ಜ್ವರ ಬಂದು ಮಲಗಿದಳು. ದೇವಾಲಯದ ಗಂಟೆ ಮೊಳಗಿತು. ನೇಕಾರ ಒಳಗೂ ಹೊರಗೂ ತಿರುಗಾಡಿದ. ಚಪ್ಪಲಿ ಮೆಟ್ಟಿದ, ಬಿಟ್ಟ, ಮತ್ತೆ ಮೆಟ್ಟಿದ. ಅಷ್ಟರಲ್ಲಿ ತಾಯಿ ನಡುಗುತ್ತ ಬಂದು ಅವನ ಅಂಗಿ ಹಿಡಿದುಕೊಂಡಳು.

“ಯಾರಪ್ಪಾ ನೀನು? ನನ್ನ ಮಗ ಎಲ್ಲಿ?”

ನೇಕಾರನಿಗೆ ತಾನೇ ಮಗ ಎನ್ನಲು ಬಾಯಿ ಬರಲಿಲ್ಲ. “ಹಾಡೋದಕ್ಕೆ ಹೋಗಿದ್ದಾನಮ್ಮ,” ಎಂದ.

“ಯಾವಾಗಲೂ ಹೋಗಿರ್ತಾನೆ. ನನಗೆ ಹೆದರಿಕೆ ಆಗ್ತದೆ. ಅವನು ಬರೋ ತನಕ ನೀನೇ ಒಂದು ಹಾಡು ಹೇಳಪ್ಪಾ.”

ಅವನು ಅವಳನ್ನು ಚಾಪೆಯ ಮೇಲೆ ಕೂರಿಸಿ ಪಕ್ಕದಲ್ಲಿ ಕೂತ. ಬಾಯಿಗೆ ಬಂದ ಒಂದು ಕೀರ್ತನೆ ಹಿಡಿದ. ಶ್ರುತಿ ತಪ್ಪಿತು. ನಡುವೆ ಒಂದು ಚರಣ ಮರೆತೇಹೋಯಿತು. ತಾಯಿ ಅಂಗಿ ಬಿಡಲಿಲ್ಲ, ಅವನೂ ನಿಲ್ಲಿಸಲಿಲ್ಲ. ಆರಾಧನೆ ಮುಗಿಸಿ ಜನ ಮಾತಾಡುತ್ತ ಬೀದಿಯಲ್ಲಿ ಹಾದುಹೋದಾಗಲೂ ಅವನು ಹಾಡುತ್ತಲೇ ಇದ್ದ.

ಅಯ್ಯನವರು ಕತೆಯನ್ನು ಅಲ್ಲಿಗೆ ಮುಗಿಸಿದರು. ಸತ್ಯಮಿತ್ರನಿಗೆ ತಡೆಯಲಾಗಲಿಲ್ಲ.

“ಹಾಗಾದರೆ ಆ ಸಂಜೆಯಾದರೂ ತಾನು ಪವಿತ್ರನಾದೆ ಎಂದು ಅವನಿಗೆ ಅನ್ನಿಸಿತೇ?”

ಅಯ್ಯನವರು ಅವನ ಮುಖವನ್ನೇ ನೋಡಿ ಹೇಳಿದರು: “ತಾಯಿಗೆ ನಿದ್ದೆ ಬಂತು.”