ಬೆಚ್ಚಗಿನ ನೆಲದ ಮೇಲೆ ನಾಲ್ಕು ಮೊಟ್ಟೆ

ಬತ್ತಿದ ಜವುಗು ನೆಲದಲ್ಲಿ ಅರಣ್ಯ ಇಲಾಖೆಯವರು ಶಾಖ ಅಳೆಯುವ ಸಲಾಕೆಯೊಂದನ್ನು ಆಳವಾಗಿ ನೆಟ್ಟಿದ್ದರು. ಅದರ ಬುಡದಲ್ಲಿ ಟಿಟ್ಟಿಭ ಹಕ್ಕಿಯೊಂದು ನಾಲ್ಕು ಮೊಟ್ಟೆ ಇಟ್ಟಿತ್ತು.

"ಈ ನೆಲಕ್ಕೆ ತಾಯಿಯ ಕರುಳಿದೆ," ಎಂದಿತು ಹಕ್ಕಿ. "ಮೂರು ದಿನದಿಂದ ನಾನು ಎದ್ದು ಹೋದರೂ ಮೊಟ್ಟೆಗಳು ಆರುವುದಿಲ್ಲ."

"ಅದು ಕರುಳಲ್ಲ ತಾಯಿ, ಬೆಂಕಿ," ಎಂದಿತು ಸಲಾಕೆ. "ಮೂರಡಿ ಕೆಳಗೆ ಹಳೆಯ ಬೇರುಗಳು ಒಳಗೊಳಗೇ ಸುಡುತ್ತಿವೆ. ಅರಣ್ಯದವರಿಗೆ ಸುದ್ದಿ ಮುಟ್ಟಿಸಿದ್ದೇನೆ."

"ಬೆಂಕಿಯಾದರೆ ಹೊಗೆ ತೋರಿಸು."

ಸಲಾಕೆಯ ಬಳಿ ತೋರಿಸಲು ಹೊಗೆ ಇರಲಿಲ್ಲ.

ಅರಣ್ಯದವರು ನೀರಿನ ಕೊಳವೆಗಳನ್ನು ಹೊತ್ತು ಬಂದರು. ಹಕ್ಕಿ ಕಿರುಚುತ್ತ ಅವರ ತಲೆಯ ಮೇಲೆ ಎರಗಿತು. ಮೊಟ್ಟೆಗಳನ್ನು ತುಳಿದೇವೆಂದು ಅಂಜಿದ ಅವರು ಸುತ್ತಲೆಲ್ಲ ಕೊಳವೆ ಚುಚ್ಚಿ ನೆಲದಾಳಕ್ಕೆ ನೀರು ಬಿಟ್ಟು, ಗೂಡಿನ ಹತ್ತಿರಕ್ಕೆ ಎಲ್ಲಕ್ಕಿಂತ ಕೊನೆಗೆ ಬಂದರು. ಅಷ್ಟು ಹೊತ್ತೂ ಮೊಟ್ಟೆಗಳ ಕೆಳಗಿನ ನೆಲ ಕಾಯುತ್ತಲೇ ಇತ್ತು.

ಸಂಜೆ ಅವರು ಹೊರಟಾಗ ನೆಲ ತಣ್ಣಗಾಗಿತ್ತು. ಮೊಟ್ಟೆಗಳೂ ತಣ್ಣಗಾಗಿದ್ದವು. ಹಕ್ಕಿ ರೆಕ್ಕೆ ಹರಡಿ ಅವುಗಳ ಮೇಲೆ ಕೂತಿತು. ಸಲಾಕೆಯನ್ನು ಕೇಳಿತು, "ಒಳಗೆ ಜೀವ ಇದೆಯೇ?"

"ನನಗೆ ಶಾಖವಷ್ಟೇ ತಿಳಿಯುತ್ತದೆ," ಎಂದಿತು ಸಲಾಕೆ. "ಈಗ ಇಲ್ಲಿರುವುದು ನಿನ್ನದೊಂದೇ."