ಅರ್ಥ ಆಯ್ತಾ?

ಕೆರೆಯಂಚಿನ ಜೊಂಡಿನಲ್ಲಿ ಮರಿಗಳಿಗೆ ಪಾಠ ಮಾಡುತ್ತಿದ್ದ ಕಪ್ಪೆ ಮೇಡಂ, ಹಿಂದಿನ ಸಾಲಿನಲ್ಲಿ ಬಂದು ಕುಳಿತ ಆಮೆಯನ್ನು ಕಂಡು ಗಂಟಲು ಉಬ್ಬಿಸಿತು.

"ತಾವು ಯಾರ ಕಡೆಯವರು? ನನ್ನ ಮೇಲೆ ವರದಿ ಬರೆಯಲು ಬಂದಿರಾ?"

"ನಾನೂ ಪಾಠ ಹೇಳುವವಳೇ. ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಿದರೆ ಇಬ್ಬರಿಗೂ ಒಳ್ಳೆಯದು ಎಂದು ಬಂದೆ," ಎಂದಿತು ಆಮೆ.

"ತಪ್ಪು ಹುಡುಕುವವರೆಲ್ಲ ಹೀಗೇ ಹೇಳಿಕೊಂಡು ಬರುತ್ತಾರೆ," ಎಂದ ಕಪ್ಪೆ, ಆಮೆಯ ಮೇಲಿಟ್ಟ ಕಣ್ಣು ತೆಗೆಯದೆ ಪಾಠ ಮುಂದುವರಿಸಿತು. "ಮಕ್ಕಳೇ, ಹಾವು ಬಂದರೆ ಉಸಿರೆತ್ತಬಾರದು. ಅರ್ಥ ಆಯ್ತಾ?"

"ಆಯ್ತೂ ಮೇಡಂ!" ಎಂದು ಮರಿಗಳು ಒಂದೇ ರಾಗದಲ್ಲಿ ಕೂಗಿದವು. ಮೂಲೆಯಲ್ಲಿ ನಿಲ್ಲಿಸಿದ್ದ ಒಂದು ಮರಿ ಮಾತ್ರ ಬಾಯಿ ಬಿಡಲಿಲ್ಲ.

"ಆ ದಡ್ಡ ಮರಿಯನ್ನು ಮಾತ್ರ ವರದಿಯಲ್ಲಿ ಸೇರಿಸಬೇಡಿ," ಎಂದಿತು ಕಪ್ಪೆ. "ಬೆಳಿಗ್ಗೆಯಿಂದ ಇದೇ ಪಾಠ, ಒಮ್ಮೆಯೂ ಆಯ್ತು ಅಂದಿಲ್ಲ. ಅದಕ್ಕೇ ನಿಲ್ಲಿಸಿದ್ದೇನೆ."

ಅಷ್ಟರಲ್ಲಿ ಜೊಂಡು ಸರಸರ ಅಲುಗಿತು.

"ಹಾವು!" ಎಂದು ಕಪ್ಪೆ ಪಿಸುಗುಟ್ಟಿತು. "ಎಲ್ಲರೂ ಸುಮ್ಮನಿರಿ. ಅರ್ಥ ಆಯ್ತಾ?"

"ಆಯ್ತೂ ಮೇಡಂ!"

ಕೂಗು ಬಂದ ಕಡೆಗೇ ಹಾವು ಎರಗಿತು. ಆಮೆ ಮುಂದೆ ನುಗ್ಗಿ ಬೆನ್ನು ಅಡ್ಡ ಕೊಟ್ಟಿತು. ಚಿಪ್ಪಿಗೆ ಹಲ್ಲು ಬಡಿದು, ಹಾವು ನೋವಿನಿಂದ ಬಂದ ದಾರಿಯಲ್ಲೇ ಹೊರಟುಹೋಯಿತು.

ಕಪ್ಪೆಯ ಅನುಮಾನ ಆಗಲೂ ಹೋಗಲಿಲ್ಲ. "ಇದನ್ನೂ ಬರೆಯುತ್ತೀರಾ?"

"ನನಗೆ ಬರೆಯಲು ಬರುವುದಿಲ್ಲ," ಎಂದಿತು ಆಮೆ. "ಮೂಲೆಯ ಆ ಮರಿ ಯಾಕೆ ಸುಮ್ಮನಿತ್ತು ಎಂದು ಅದನ್ನೇ ಒಮ್ಮೆ ಕೇಳಿ ನೋಡಿ."

ಕಪ್ಪೆ ಕೇಳಿತು. ಮರಿ ಮೊದಲು ಜೊಂಡಿನ ಕಡೆ ನೋಡಿತು, ಆಮೇಲೆ ಪಿಸುಮಾತಿನಲ್ಲಿ ಹೇಳಿತು:

"ನೀವೇ ಹೇಳಿದ್ದಿರಲ್ಲ, ಮೇಡಂ."