ಹನ್ನೆರಡಕ್ಕೆ ಹೊಡೆದ ಗಂಟೆ

ಇಂಗ್ಲೆಂಡಿನ ಪುಟ್ಟ ಊರೊಂದರ ಹೈಸ್ಕೂಲಿನಲ್ಲಿ ನಾನೇ ಕಿವಿಯಾರೆ ಕೇಳಿದ್ದು, ನಂಬಿದರೆ ನಂಬಿ. ಗೇಟಿನ ಬೋರ್ಡಿಗೆ ಅಂದು ಮೂರನೇ ಸಲ ಬಣ್ಣ ಬಳಿದಿದ್ದರು. ಮೊದಲು ಚರ್ಚಿನವರ ಶಾಲೆ, ಆಮೇಲೆ ಊರಾಡಳಿತದ ಕೌನ್ಸಿಲಿನದು, ಈಗ ದೂರದ ಯಾವುದೋ ಟ್ರಸ್ಟಿನದು.

"ಗಂಟೆಯಣ್ಣಾ, ನಾನು ಹುಟ್ಟಿದ್ದೇ ಟ್ರಸ್ಟಿನ ಬೋರ್ಡಾಗಿ," ಎಂದಿತು ಬೋರ್ಡು.

"ಹೋದ ಸಲ ಕೌನ್ಸಿಲಿನ ಬೋರ್ಡಾಗಿ ಹುಟ್ಟಿದ್ದೆಯಲ್ಲ ತಮ್ಮಾ!" ಎಂದಿತು ಪಕ್ಕದಲ್ಲೇ ತೂಗುತ್ತಿದ್ದ ಶಾಲೆಯ ಗಂಟೆ.

"ನಗಬೇಡ. ಹನ್ನೆರಡಕ್ಕೆ ಟ್ರಸ್ಟಿನ ಅಧ್ಯಕ್ಷರ ಭಾಷಣ. ನಡುವೆ ನೀನು ಬಾಯಿ ಬಿಟ್ಟರೆ ನಾಳೆಯೇ ಕೆಳಗಿಳಿಸಿ ಗುಜರಿಗೆ ಹಾಕ್ತಾರಂತೆ."

"ನನ್ನನ್ನು ಇಲ್ಲಿ ಕಟ್ಟಿದ್ದು ಮಕ್ಕಳಿಗೆ ಊಟದ ಹೊತ್ತು ಹೇಳೋಕೆ. ಅದಕ್ಕೆ ಯಾರಪ್ಪಣೆಯೂ ಬೇಡ."

ಹನ್ನೆರಡಾಯಿತು. ಬೋರ್ಡಿನ ಕೆಳಗೆ ನಿಂತ ಅಧ್ಯಕ್ಷರು "ಈ ಶಾಲೆ ಇನ್ನು ನಮ್ಮ..." ಎನ್ನುವಷ್ಟರಲ್ಲಿ ಗಂಟೆ ಢಣಢಣ ಹೊಡೆಯಿತು. ಹಗ್ಗ ಎಳೆದವರು ಯಾರೋ ಗೊತ್ತಿಲ್ಲ. ನನ್ನ ಅಂಗೈ ಕೆಂಪಾಗಿದ್ದಕ್ಕೆ ಬೇರೆ ಕಾರಣವಿದೆ. ಭಾಷಣಕ್ಕೆಂದು ಅಂಗಳದಲ್ಲಿ ಕೂರಿಸಿದ್ದ ಮುನ್ನೂರು ಮಕ್ಕಳೂ ಎದ್ದು ಊಟಕ್ಕೆ ಓಡಿದರು. ಭಾಷಣಕ್ಕೆ ಉಳಿದದ್ದು ಬೋರ್ಡೊಂದೇ.

"ನಾಳೆ ನಿನ್ನನ್ನು ಇಳಿಸೋದು ಖಂಡಿತ!" ಎಂದು ಅದು ಹಸಿ ಬಣ್ಣದಲ್ಲೇ ನಡುಗಿತು.

"ಇಳಿಸಲಿ ಬಿಡು. ಹನ್ನೆರಡಕ್ಕೆ ತಾವಾಗಿ ಹೊಡೆಯೋ ಆ ಮುನ್ನೂರು ಹೊಟ್ಟೆಗಳನ್ನು ಯಾವ ಏಣಿ ಹಾಕಿ ಇಳಿಸ್ತಾರೋ ನೋಡೋಣ," ಎಂದ ಗಂಟೆ, ಸಾಲದ್ದಕ್ಕೆ ಇನ್ನೊಂದು ಸಲ ಢಣ್ ಎಂದಿತು.